ಯಾರ ಬಲ

ಪೆಟ್ಟಿಗೆಯೊಳಗಿನ ಗಾಳಿ ಇನ್ನೂ ಪೂರ್ತಿ ಒಣಗಿರಲಿಲ್ಲ. ಒಣಗಲಿ, ಅವಸರವೇನು, ಎಂದುಕೊಂಡು ಅವಳು ತೇವಮಾಪಕದ ಮುಳ್ಳನ್ನೇ ನೋಡುತ್ತ ಕೂತಳು. ಬೇರೆ ದಿನಗಳಲ್ಲಾದರೆ ಈ ಮುಳ್ಳು ಕೆಳಗಿಳಿಯುವಷ್ಟರಲ್ಲಿ ಅವಳ ಜೀವ ಹೋಗಿ ಬರುತ್ತಿತ್ತು. ಇವತ್ತು ಮೈತುಂಬ ಒಂದು ಕೆಟ್ಟ ನಿರಾಳ. ಅವಳು ಪಳಗಿಸಿದ ಅಲೆಗೆ ನೀರಿನ ಪಸೆ ಎಂದರೆ ಆಗದು. ಮೈಕ್ರೋವೇವ್ ಒಲೆಯೊಳಗಿನ ಅಲೆಗಿಂತ ಗಿಡ್ಡ, ಒಲೆಯ ಮುಂದೆ ನಿಂತಾಗ ಮುಖಕ್ಕೆ ಬಡಿಯುವ ಶಾಖದ ಅಲೆಗಿಂತ ಉದ್ದ, ಎರಡರ ನಡುವೆ ಬಹುಕಾಲ ಯಾರಿಗೂ ಬೇಡವಾಗಿ ಬಿದ್ದಿದ್ದ ಟೆರಾಹರ್ಟ್ಜ್ ಅಲೆ ಅದು. ಕಾಗದವನ್ನು ಹಾಯುತ್ತದೆ, ಬಟ್ಟೆಯನ್ನು ಹಾಯುತ್ತದೆ, ಆದರೆ ಹತ್ತಿರ ನಿಂತವರು ಒಮ್ಮೆ ಉಸಿರು ಬಿಟ್ಟರೆ ಆ ಉಸಿರಿನ ತೇವವೇ ಅದನ್ನು ಕುಡಿದುಬಿಡುತ್ತದೆ. ಅದಕ್ಕೇ ಈ ಗಾಜಿನ ಪೆಟ್ಟಿಗೆ, ಅದಕ್ಕೇ ಒಣಗಾಳಿಯ ಕೊಳವೆ. ಬೆಳಗಿನಿಂದ ಪೆಟ್ಟಿಗೆಯ ಹತ್ತಿರ ಬಂದು ಉಸಿರು ಬಿಟ್ಟವರಿಗೇನು ಕಮ್ಮಿಯಿಲ್ಲ. ಮೊದಲು ಗುಮಾಸ್ತ ಬಂದು ಇವತ್ತಿನ ಪ್ರದರ್ಶನಕ್ಕೆ ಕುರ್ಚಿ ಸಾಲದು ಎಂದ, ಯಾರಿಗೆ ಹೇಳಬೇಕೆಂದು ಗೊತ್ತಿಲ್ಲದೆ ಅವಳಿಗೇ ಹೇಳಿದ. ಆಮೇಲೆ ಪ್ರಯೋಗಾಲಯದ ಮುಖ್ಯಸ್ಥರು, ಎಲ್ಲರ ಬಾಯಲ್ಲೂ ದೊಡ್ಡವರು, ಬಂದು ಮೇಜಿನಂಚಿನ ಮೇಲೆ ಬೆರಳಾಡಿಸಿ, "ಸ್ವಲ್ಪ ಧೂಳಿದೆಯಲ್ಲಮ್ಮ, ಒರೆಸಿಬಿಡು" ಎಂದರು. ಅವಳು ಒರೆಸಿದಳು. ಒರೆಸುವಾಗ ನಗು ಬಂತು. ಒರೆಸಿಕೊಳ್ಳಿ, ಮಧ್ಯಾಹ್ನದ ಹೊತ್ತಿಗೆ ನಿಮ್ಮ ಮುಖ ಒರೆಸಿಕೊಳ್ಳಲು ಬಟ್ಟೆ ಸಾಲಬಾರದು, ಎಂದು ಮನಸ್ಸಿನಲ್ಲೇ ಶಪಿಸಿದಳು.

ಪೆಟ್ಟಿಗೆಯ ನಡುವೆ, ಹಿಡಿಕೆಯಲ್ಲಿ, ತಟ್ಟೆ ನಿಂತಿತ್ತು. ತಟ್ಟೆ ಎಂದು ಕರೆದವಳೂ ಅವಳೇ; ಹೆಬ್ಬೆರಳ ಉಗುರಿನಷ್ಟಗಲದ ಸಿಲಿಕಾನ್ ಚೂರು, ಬರಿಗಣ್ಣಿಗೆ ಮಂಕಾದ ಕನ್ನಡಿಯ ತುಂಡಿನಂತೆ ಕಾಣುವುದು. ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಸಾಲುಸಾಲು ಕಂಬ, ಕಂಬವೊಂದು ತಲೆಗೂದಲಿನಷ್ಟು ದಪ್ಪ, ಪ್ರತಿಯೊಂದೂ ಒಂದೇ ಓರೆಯಲ್ಲಿ ನಿಂತದ್ದು. ಪುಸ್ತಕದಲ್ಲಿ ಇದಕ್ಕೆ ಮೆಟಾಮೆಟೀರಿಯಲ್ ಎಂಬ ಗತ್ತಿನ ಹೆಸರು. ದೊಡ್ಡವರು ತಮ್ಮ ಕಾಲದಿಂದಲೂ ಚಿನ್ನದ ಗೆರೆಗಳನ್ನೇ ಎಳೆಸುತ್ತಿದ್ದರು. ಲೋಹ ಅಲೆಯಲ್ಲಿ ಬಹುಪಾಲನ್ನು ತಾನೇ ನುಂಗಿ ಬೆಚ್ಚಗೆ ಕೂರುತ್ತಿತ್ತು, ಆಚೆಗೆ ಬರುತ್ತಿದ್ದದ್ದು ಎಂಜಲು. ಲೋಹವೇ ಬೇಡ ಸರ್, ವಿದ್ಯುತ್ತು ಹರಿಯಗೊಡದ ಬರೀ ಸಿಲಿಕಾನ್ ಸಾಕು, ಕಂಬದ ಉದ್ದಗಲ ಬೇರೆಬೇರೆ ಮಾಡಿದರೆ ಅಲೆ ತಾನಾಗಿ ತಿರುಗುತ್ತದೆ, ಎಂದು ಹಟ ಹಿಡಿದವಳು ಅವಳು. ದೊಡ್ಡವರು ಆಗ ಮೂಗು ಮುರಿದಿದ್ದರು. ಮೇಲೆ ಕೆಳಗೆ ಕುಣಿಯುತ್ತ ನೇರ ಬರುವ ಅಲೆ ಕಂಬಗಳ ಕಾಡಿಗೆ ಹೊಕ್ಕು, ಒಂದು ಅಂಗ ಬೇಗ, ಇನ್ನೊಂದು ಅಂಗ ತಡವಾಗಿ ಹಾದು, ಆಚೆ ಬರುವಾಗ ತಿರುಪಿನ ಹಾಗೆ ಸುತ್ತಿಕೊಂಡು ಬರುತ್ತದೆ. ಒಮ್ಮೆ ಇದನ್ನು ಅಕ್ಕನಿಗೆ ಹೇಳಲು ಹೋಗಿ ಸೋತಿದ್ದಳು. ಅಕ್ಕನಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಅವಳು ಎರಡು ತಂಪು ಕನ್ನಡಕ ತಂದು ಒಂದರ ಮೇಲೊಂದು ಹಿಡಿದು, ಒಂದನ್ನು ಮೆಲ್ಲಗೆ ತಿರುಗಿಸಿದಳು. ಬೆಳಕಿದ್ದ ಗಾಜು ಕಪ್ಪಾಯಿತು. "ಇದೇ ತಾನೇ ನಿನ್ನ ಧ್ರುವೀಕರಣ? ದಿನಾ ಗಿರಾಕಿಗಳಿಗೆ ಇದನ್ನೇ ತೋರಿಸಿ ಮಾರ್ತೀನಿ ಕಣೇ" ಎಂದು ನಕ್ಕಳು. ಅಕ್ಕ ಅರ್ಥ ಮಾಡಿಕೊಂಡಷ್ಟನ್ನು ಅಳಿಯಂದಿರು ಈವರೆಗೂ ಮಾಡಿಕೊಂಡಿಲ್ಲ ಎಂಬುದು ಅವಳ ಗಟ್ಟಿ ನಂಬಿಕೆ. ಮುಳ್ಳು ಇನ್ನಷ್ಟು ಇಳಿಯಿತು.

ಅಳಿಯಂದಿರು ಎಂದರೆ ದೊಡ್ಡವರ ಮಗಳ ಗಂಡ. ಪ್ರಯೋಗಾಲಯಕ್ಕೆ ಕಾಲಿಟ್ಟ ವಾರದಲ್ಲೇ ಆ ಹೆಸರು ಅಂಟಿತು, ಬೆನ್ನ ಹಿಂದೆ ಎಲ್ಲರೂ ಬಹುವಚನದಲ್ಲೇ ಮರ್ಯಾದೆ ಕೊಡುತ್ತಿದ್ದರು. ಕೆಟ್ಟವನಲ್ಲ. ಅದೇ ಅವಳ ಹೊಟ್ಟೆ ಉರಿಸುತ್ತಿದ್ದದ್ದು. ಕೆಟ್ಟವನಾಗಿದ್ದರೆ ದ್ವೇಷಿಸುವುದು ಎಷ್ಟು ಸಲೀಸಾಗಿತ್ತು. ಇವನು ಬಾಗಿಲು ಹಿಡಿದು ನಿಲ್ಲುತ್ತಾನೆ, ಚಹಾ ತಂದುಕೊಡುತ್ತಾನೆ, ಅಕ್ಕಾ ಎಂದು ಕರೆಯುತ್ತಾನೆ. ದೊಡ್ಡವರು ಹತ್ತು ಜನರ ಮುಂದೆ "ಇವಳು ನನ್ನ ಮಗಳಿದ್ದಂತೆ" ಎಂದಿದ್ದರಲ್ಲ, ಹಾಗಿದ್ದರೆ ಅಳಿಯಂದಿರಿಗೆ ಇವಳು ಅತ್ತಿಗೆಯೋ ನಾದಿನಿಯೋ ಎಂದು ಹುಡುಗರು ಆಡಿಕೊಂಡು ನಕ್ಕಿದ್ದೂ ಉಂಟು. ಆ ಮಾತನ್ನು ಅವಳು ಎಷ್ಟು ದಿನ ಚಪ್ಪರಿಸಿದ್ದಳು! ಮಗಳಿದ್ದಂತೆ. ಮೊದಲ ತಟ್ಟೆಯ ಕಂಬಗಳೆಲ್ಲ ಕೊರೆಯುವಾಗಲೇ ಮುರಿದು ಬಿದ್ದ ದಿನ, ತಲೆಯಿಂದ ಕಾಲಿನವರೆಗೆ ಬಿಳಿ ನಿಲುವಂಗಿ ಹಾಕಿಕೊಂಡು ಧೂಳು ಸೋಕಬಾರದ ಹಳದಿ ಬೆಳಕಿನ ಕೋಣೆಯಲ್ಲಿ ಬಿಕ್ಕುತ್ತ ನಿಂತವಳ ತಲೆ ಸವರಿ, "ಅಳಬೇಡಮ್ಮ, ಈ ಕೋಣೆಯಲ್ಲಿ ಕಣ್ಣೀರೂ ಕೊಳೆ ಲೆಕ್ಕ" ಎಂದು ನಗಿಸಿದವರು ಅವರೇ. ತಟ್ಟೆಯ ಮೇಲಿನ ಬರಹ ಪತ್ರಿಕೆಯಲ್ಲಿ ಹೊರಬಿದ್ದಾಗ ಹೆಸರುಗಳ ಸಾಲಿನಲ್ಲಿ ಮೊದಲು ಅಳಿಯಂದಿರು, ಕೊನೆಗೆ ಮಾವ. ಅವಳು ಕೆಳಗೆ, ಸಣ್ಣಕ್ಷರದಲ್ಲಿ, ನೆರವಿತ್ತವರಲ್ಲಿ, ಒಣಗಾಳಿ ಪೂರೈಸಿದವರ ಪಕ್ಕದಲ್ಲಿ. ಕೇಳಲು ಹೋದಾಗ ದೊಡ್ಡವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಬಹಳ ದಣಿದವರಂತೆ, "ಅವನಿಗೊಂದು ನೆಲೆ ಆಗ್ಬೇಕಲ್ಲಮ್ಮ. ನಿನಗೇನು, ನೀನು ಇಂಥವು ಇನ್ನೂ ಹತ್ತು ಮಾಡ್ತೀಯ" ಎಂದರು. ಅವಳು ಸರಿ ಸರ್ ಎಂದು ಹೊರಗೆ ಬಂದಳು. ಆ ಸರಿ ಸರ್ ಇವತ್ತಿಗೂ ಗಂಟಲಲ್ಲಿ ಸಿಕ್ಕಿಕೊಂಡಿದೆ. ಮಗಳಿದ್ದಂತೆ ಇರುವವಳಿಗೆ ತಲೆ ಸವರುವುದು, ಮಗಳನ್ನು ಕಟ್ಟಿಕೊಂಡವನಿಗೆ ತಟ್ಟೆ. ಅವರ ತಲೆಯ ಮೇಲೆ ಕಲ್ಲು ಬೀಳಲಿ ಎಂದು ಅಂದುಕೊಂಡಿದ್ದಾಳೆ, ಬಸ್ಸಿನಲ್ಲಿ ನಿಂತಾಗ, ಹಲ್ಲುಜ್ಜುವಾಗ, ಅಕ್ಕ ಏನೋ ಹೇಳುತ್ತಿರುವಾಗ. ಕಲ್ಲು ಬಿದ್ದರೂ ಎಷ್ಟು ಗಾತ್ರದ್ದು ಬೀಳಬೇಕೆಂದು ಕೂಡ ಯೋಚಿಸಿದ್ದಾಳೆ.

ಬೆಳಗ್ಗೆ ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಅಡ್ಡ ನಿಂತಿದ್ದಳು. ಸಂಸ್ಥೆಯ ನಿರ್ದೇಶಕರ ಬಳಿ ಹೋಗಿ ಬಾಯಿ ಬಿಟ್ಟು ದೂರು ಹೇಳಿದ್ದು ಅಕ್ಕನ ಒತ್ತಾಯದಿಂದಲೇ. ನಿರ್ದೇಶಕರು ಯಾರ ಮನಸ್ಸನ್ನೂ ನೋಯಿಸದ ಮನುಷ್ಯ, ಆದ್ದರಿಂದಲೇ ಯಾವುದನ್ನೂ ಇತ್ಯರ್ಥ ಮಾಡದವರು. "ಪ್ರದರ್ಶನದ ದಿನ ಹೊರಗಿಂದ ಒಬ್ಬ ತಜ್ಞೆ ಬರ್ತಾರೆ. ಅವರೆದುರು ತಟ್ಟೆಯ ಮಾತು ಬಂದಾಗ ನಿಮ್ಮದು ಏನಿದೆಯೋ ಹೇಳಿಬಿಡಿ. ಅವರು ಏನಂತಾರೋ ಅದೇ ಕೊನೆ" ಎಂದು ಕೈ ತೊಳೆದುಕೊಂಡಿದ್ದರು.

"ಬಾಯಿ ಬಿಟ್ಟು ಹೇಳ್ತೀಯ ತಾನೇ?" ಎಂದಳು ಅಕ್ಕ.

"ಹೇಳ್ತೀನಿ. ಮೊದಲು ಅವನು ಮಣ್ಣು ಮುಕ್ಕಲಿ. ಆಮೇಲೆ ಹೇಳ್ತೀನಿ."

"ಅವನು ಮಣ್ಣಾದರೂ ಮುಕ್ಕಲಿ, ಕಲ್ಲಾದರೂ ಮುಕ್ಕಲಿ, ನಿನಗ್ಯಾಕೆ? ನೀನು ‘ಇದು ನನ್ನದು’ ಅನ್ನು. ಎರಡೇ ಮಾತು. ನಮ್ಮ ಅಂಗಡೀಲಿ ಯಾರಾದ್ರೂ ನಿನ್ನ ಕನ್ನಡಕ ಹಾಕ್ಕೊಂಡು ಹೊರಟ್ರೆ ಅವರು ಎಡವಿ ಬೀಳಲಿ ಅಂತ ಕಾಯ್ತೀಯಾ? ಕೊಡ್ರೀ ಅಂತ ಕೇಳಲ್ವಾ?"

"ಎಡವಿ ಬೀಳೋದನ್ನ ನೋಡ್ಬೇಕು ಅಕ್ಕ. ಅವನಷ್ಟೇ ಅಲ್ಲ, ಅವನ ಮಾವನ ಮುಖ ನೋಡ್ಬೇಕು."

ಅಕ್ಕ ಅವಳನ್ನೇ ದಿಟ್ಟಿಸಿದಳು, ಅಂಗಡಿಯಲ್ಲಿ ಗಿರಾಕಿಯ ಕಣ್ಣನ್ನು ನೋಡುವ ಹಾಗೆ. "ಹೊಟ್ಟೇಲಿ ಇಷ್ಟು ವಿಷ ಇಟ್ಕೊಂಡು ಹೋಗ್ಬೇಡ ಕಣೇ" ಎಂದು ದಾರಿ ಬಿಟ್ಟಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತ್ತು.

ವಿಷವಲ್ಲ, ಸಿಹಿ. ಅಕ್ಕನಿಗೆ ಅದು ಹೇಗೆ ಗೊತ್ತಾಗಬೇಕು. ತಾಲೀಮಿನ ದಿನ ಅಳಿಯಂದಿರು ಪರದೆಯ ಮೇಲೆ ಚಿತ್ರ ಬಿಟ್ಟಾಗಲೇ ಅವಳ ಕಿವಿ ನೆಟ್ಟಗಾಗಿತ್ತು. ಸುತ್ತುವ ಅಲೆ ಬಲಕ್ಕೆ ಸುತ್ತುತ್ತದೋ ಎಡಕ್ಕೋ ಎಂಬುದು ನೋಡುವವರು ಎಲ್ಲಿ ನಿಂತಿದ್ದಾರೆ ಎಂಬುದರ ಮೇಲಿದೆ. ಅಲೆ ಹೊರಟ ಕಡೆ ನಿಂತು ಅದರ ಬೆನ್ನು ನೋಡಿದರೆ ಎಡ, ಅದೇ ಅಲೆಯನ್ನು ಆಚೆ ತುದಿಯಲ್ಲಿ ಎದುರುಗೊಂಡು ನೋಡಿದರೆ ಬಲ. ಎದುರುಬದುರು ನಿಂತ ಇಬ್ಬರು ಬಲಗೈ ಎತ್ತಿದಂತೆ. ದೊಡ್ಡವರು ಎಲ್ಲರಿಗೂ ಕಲಿಸುತ್ತಿದ್ದದ್ದು ಹೊರಟ ಕಡೆಯ ಲೆಕ್ಕ. ಅವಳೂ ಮೊದಮೊದಲು ಹಾಗೇ ಬರೆದಳು. ಆಮೇಲೆ ಅಳತೆ ಮಾಡುವ ಗ್ರಾಹಕ ಯಂತ್ರವಿರುವುದು ಆಚೆ ತುದಿಯಲ್ಲಿ ತಾನೇ, ಅಲ್ಲಿಂದಲೇ ನೋಡಬೇಕು ಎಂದು ಎದುರಿನ ಲೆಕ್ಕಕ್ಕೆ ಬಂದಳು. ಗೊಂದಲವಾಗದಿರಲೆಂದು ಹಳೆಯ, ಹೊಸ ಪ್ರತಿ ಚಿತ್ರದ, ಪಟ್ಟಿಯ ಮೂಲೆಯಲ್ಲೂ ಒಂದು ಪುಟ್ಟ ಕಣ್ಣು ಬರೆಯುತ್ತಿದ್ದಳು, ರೆಪ್ಪೆಗೂದಲ ಸಮೇತ. ಕಣ್ಣು ಎಲ್ಲಿದೆಯೋ ಅಲ್ಲಿಂದ ನೋಡಬೇಕು. ಅಳಿಯಂದಿರು ಹೊರಟ ಕಡೆಯ ಲೆಕ್ಕದ ಅವಳ ಹಳೆಯ ಚಿತ್ರವೊಂದನ್ನೂ, ಬರಹದಲ್ಲಿದ್ದ ಎದುರಿನ ಲೆಕ್ಕದ ಹೊಸ ಪಟ್ಟಿಯನ್ನೂ ಎತ್ತಿಕೊಂಡರು. ಕಣ್ಣುಗಳು ಮಕ್ಕಳಾಟಿಕೆಯಂತೆ ಕಂಡವೇನೋ, ನೀಟಾಗಿ ಅಳಿಸಿಹಾಕಿದರು. ಈಗ ಚಿತ್ರದಲ್ಲಿ ಅಲೆ ಎಡಕ್ಕೆ ಸುತ್ತುತ್ತಿದೆ, ಪಕ್ಕದ ಪಟ್ಟಿಯಲ್ಲಿ ಬಲ ಎಂದಿದೆ, ಮಾವ ಅಳಿಯ ಇಬ್ಬರೂ ತಲೆದೂಗುತ್ತಿದ್ದಾರೆ. ದೊಡ್ಡವರಾದರೂ ನೋಡಬೇಡವೇ? ನೋಡಲಿಲ್ಲ, ಅವರು ಪರದೆಯನ್ನಲ್ಲ, ಅಳಿಯನ ಕೋಟು ಹೇಗೆ ಕೂತಿದೆ ಎಂದು ನೋಡುತ್ತಿದ್ದರು. ಹೇಳಬೇಕಿತ್ತು. ಒಂದು ಕ್ಷಣ ನಾಲಗೆಯ ತುದಿಗೆ ಬಂತು ಕೂಡ, ಏಕೆಂದರೆ ತಪ್ಪಾಗಿ ನಿಂತಿದ್ದದ್ದು ಅವಳ ಅಲೆ. ನುಂಗಿದಳು. ನುಂಗಿದ್ದು ಹೊಟ್ಟೆಗಿಳಿದು ಬೆಚ್ಚಗೆ ಕೂತಿತು. ಅಂದಿನಿಂದ ಅಳಿಯಂದಿರು ಅಕ್ಕಾ ಎಂದಾಗಲೆಲ್ಲ ಅವಳೂ ನಕ್ಕು ಏನಪ್ಪಾ ಎನ್ನತೊಡಗಿದಳು.

ಮುಳ್ಳು ಕೆಳಗೆ ಮುಟ್ಟಿತು. ಜನ ಬಂದು ಕೂತರು. ತಜ್ಞೆ ನಡುವಯಸ್ಸಿನ ಗಿಡ್ಡ ಹೆಂಗಸು, ನೆಗಡಿಯಾಗಿತ್ತು, ಕರವಸ್ತ್ರವನ್ನು ಮುಷ್ಟಿಯಲ್ಲೇ ಹಿಡಿದುಕೊಂಡಿದ್ದಳು. ಪೆಟ್ಟಿಗೆಯಿಂದ ದೂರವೇ ಕೂತು, "ನನ್ನ ಸೀನು ನಿಮ್ಮ ಅಲೆಗೆ ಆಗಿಬರಲ್ಲ" ಎಂದು ಅವಳ ಕಡೆ ನೋಡಿ ನಕ್ಕಳು. ಆ ನಗು ಅವಳಿಗೆ ಹಿಡಿಸಿತು. ಇವರು ಅರ್ಥ ಮಾಡಿಕೊಳ್ಳುತ್ತಾರೆ ಎಂದು ಎದೆ ಸ್ವಲ್ಪ ಹಾರಿತು. ಮುಂದಿನ ಸಾಲಿನಲ್ಲಿ ನಿರ್ದೇಶಕರು, ಪಕ್ಕದಲ್ಲಿ ದೊಡ್ಡವರು, ಮದುವೆಮನೆಯ ಹೆಣ್ಣಿನ ತಂದೆಯಂತೆ ಬೆನ್ನು ನೆಟ್ಟಗೆ ಮಾಡಿಕೊಂಡು. ಅಳಿಯಂದಿರು ಚೆನ್ನಾಗಿಯೇ ಮಾತಾಡಿದರು. ಅವಳು ಗುಂಡಿ ಒತ್ತಿದಳು, ಗ್ರಾಹಕವನ್ನು ಮೆಲ್ಲಗೆ ತಿರುಗಿಸಿದಳು. ಪರದೆಯ ಮೇಲಿನ ಗೆರೆ ಯಾವ ಕೋನದಲ್ಲೂ ತಗ್ಗದೆ ಒಂದೇ ಎತ್ತರದಲ್ಲಿ ನಿಂತಿತು. ಅಲೆ ಸುತ್ತುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಎಷ್ಟು ಸಲ ನೋಡಿದ್ದರೂ ಅವಳಿಗೆ ಆ ಕ್ಷಣ ಮೈ ಜುಮ್ಮೆನ್ನುತ್ತಿತ್ತು, ಇವತ್ತೂ ಅಂದಿತು. ನನ್ನ ಬಂಗಾರ ಎಂದುಕೊಂಡಳು. ತಜ್ಞೆ ಕರವಸ್ತ್ರ ಕೆಳಗಿಟ್ಟು ಮುಂದೆ ಬಾಗಿ, "ಸೊಗಸಾಗಿದೆ" ಎಂದಳು. ಆ ಮಾತು ಅಳಿಯಂದಿರಿಗೆ ಹೋಯಿತು, ಅವರು ತಲೆಬಾಗಿ ಅದನ್ನು ತೆಗೆದುಕೊಂಡರು. ಅವಳು ಹಲ್ಲು ಕಡಿದಳು. ಆಮೇಲೆ ಆ ಚಿತ್ರ ಬಂತು.

ತಜ್ಞೆ ತಲೆ ಓರೆ ಮಾಡಿ ನೋಡಿದಳು. ಮೂಗು ಒರೆಸಿಕೊಂಡು ಇನ್ನೊಮ್ಮೆ ನೋಡಿದಳು. "ಒಂದು ನಿಮಿಷ. ಚಿತ್ರದಲ್ಲಿ ಎಡ ಕಾಣ್ತಿದೆ, ಪಟ್ಟಿಯಲ್ಲಿ ಬಲ ಅಂತಿದೆ. ಇದು ಯಾರ ಬಲ?"

ಬೆಳಕಿನ ಕೆಲಸ ಮಾಡುವ ಯಾರಿಗಾದರೂ ಇದಕ್ಕಿಂತ ಸಾದಾ ಪ್ರಶ್ನೆ ಇಲ್ಲ. ಹೊರಟ ಕಡೆಯವರ ಬಲವೋ, ಎದುರು ನಿಂತವರ ಬಲವೋ, ಅಷ್ಟೇ. ಆದರೆ ದೂರಿನ ಸುದ್ದಿ ಅಳಿಯಂದಿರ ಕಿವಿಗೂ ಬಿದ್ದಿತ್ತೇನೋ. ಅವರ ಮುಖ ಕೊರಳಿನಿಂದ ಮೇಲಕ್ಕೆ ಕೆಂಪೇರಿತು. "ಯಾರ ಬಲಾನೂ ಇಲ್ಲ ಮೇಡಂ" ಎಂದರು, ದನಿ ಒಡೆದು. "ಮಾವನವರು ಕೋಣೆ ಕೊಟ್ಟಿದ್ದಾರೆ, ಅಷ್ಟೇ. ಅವರ ಬಲದಿಂದ ನಾನು ಇಲ್ಲಿ ನಿಂತಿದ್ದೀನಿ ಅಂತ ಯಾರಾದರೂ ನಿಮ್ಮ ಹತ್ರ ಹೇಳಿದ್ರೆ, ಅದು ಸುಳ್ಳು."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಇಡೀ ಸಾಲು ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಿರ್ದೇಶಕರು ನೆಲ ನೋಡಿದರು. ದೊಡ್ಡವರ ಬೆನ್ನು ಮಾತ್ರ ಅವಳಿಗೆ ಕಾಣುತ್ತಿತ್ತು, ಕಿವಿಗಳು ಕೆಂಡದಂತಾಗಿದ್ದವು. ಅಯ್ಯೋ, ಇದನ್ನು ಅವಳು ಕನಸಿನಲ್ಲೂ ಬೇಡಿಕೊಂಡಿರಲಿಲ್ಲ! ಎಡ ಬಲದಲ್ಲಿ ಎಡವುತ್ತಾನೆ, ಪೆಚ್ಚಾಗುತ್ತಾನೆ ಎಂದಷ್ಟೇ ಲೆಕ್ಕ ಹಾಕಿದ್ದಳು. ಇವನು ತಾನಾಗಿ ತನ್ನ ಪಂಚೆಯ ಗಂಟು ಬಿಚ್ಚಿಕೊಂಡು ನಿಂತಿದ್ದ. ನಗಿರಿ, ಇನ್ನೂ ನಗಿರಿ. ಆ ನಗು ನಿಲ್ಲದಿದ್ದರೆ ಚೆನ್ನಾಗಿತ್ತು ಎನ್ನಿಸಿತು.

ತಜ್ಞೆಯೂ ನಗಲಿಲ್ಲ. ಪಾಪ, ಅವಳಿಗೆ ಏನೂ ಅರ್ಥವಾಗಿರಲಿಲ್ಲ. "ಅಲ್ಲಪ್ಪ, ನಾನು ಕೇಳಿದ್ದು ಯಾವ ಕಡೆಯಿಂದ ನೋಡಿದ ಬಲ ಅಂತ" ಎಂದು ಸಮಾಧಾನವಾಗಿ ಹೇಳಿದಳು. ಅಳಿಯಂದಿರು ಚಿತ್ರವನ್ನು ನೋಡಿದರು, ಪಟ್ಟಿಯನ್ನು ನೋಡಿದರು. ಕೊನೆಗೆ ಪೆಟ್ಟಿಗೆಯ ಪಕ್ಕದಲ್ಲಿ ನಿಂತಿದ್ದ ಅವಳ ಕಡೆ ತಿರುಗಿದರು. ತಜ್ಞೆಯೂ ತಿರುಗಿದಳು. "ಯಂತ್ರ ನಡೆಸ್ತಿರೋರು ನೀವಲ್ವಾ? ನೀವಾದ್ರೂ ಹೇಳಿ."

ಬಂತು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ನಿರ್ದೇಶಕರು ಕೂಡ ತಲೆ ಎತ್ತಿ, ಇದೇ ಹೊತ್ತು ಎನ್ನುವಂತೆ ಹುಬ್ಬು ಹಾರಿಸಿದರು. ಎದುರಿನಿಂದ ನೋಡಿದ ಬಲ ಮೇಡಂ, ಗ್ರಾಹಕದ ಕಡೆಯಿಂದ. ನನಗೆ ಗೊತ್ತು, ಯಾಕಂದ್ರೆ ಈ ತಟ್ಟೆ ನನ್ನದು. ವಾಕ್ಯ ಸಿದ್ಧವಾಗಿತ್ತು. ಅಷ್ಟರಲ್ಲಿ ದೊಡ್ಡವರು ಹಿಂತಿರುಗಿ ನೋಡಿದರು. ಆ ಮುಖದಲ್ಲಿ ಅವಳು ಕಾಣಬೇಕೆಂದಿದ್ದ ಅವಮಾನ ಇತ್ತು, ಆದರೆ ಅದರ ಜೊತೆಗೇ ಹಳೆಯ ಒಂದು ನೆಚ್ಚಿಕೆಯೂ ಇತ್ತು: ಇವಳು ನೋಡಿಕೊಳ್ಳುತ್ತಾಳೆ, ಧೂಳು ಒರೆಸಿದ ಹಾಗೆ ಇದನ್ನೂ ಒರೆಸುತ್ತಾಳೆ. ಉತ್ತರ ಕೊಟ್ಟರೆ ಅಳಿಯಂದಿರು ಉಳಿಯುತ್ತಾರೆ. ತಟ್ಟೆ ಯಾರದೆಂಬ ಮಾತು ಬರುವ ಮೊದಲೇ ಆ ಚಿತ್ರದ ಮುಂದೆ ಅವರ ಕಾಲಿಗೆ ನೆಲ ಸಿಗುತ್ತದೆ. ಅವಳ ಮೈಯೆಲ್ಲ ಉರಿಯಿತು. ಇನ್ನೂ ಸ್ವಲ್ಪ ಹೊತ್ತು ಅವನು ಹಾಗೇ ನಿಂತಿರಲಿ, ಬಾಯಿ ತೆರೆದುಕೊಂಡು, ಮಾವನ ಕಣ್ಣೆದುರು.

"ಅದನ್ನ ಮಾಡಿದವರೇ ಹೇಳ್ಬೇಕು ಮೇಡಂ" ಎಂದಳು, ಒಂದೊಂದು ಪದವನ್ನೂ ಜಗಿದು. "ಎಲ್ಲಾ ಅವರೇ ತಾನೇ ಮಾಡಿದ್ದು? ನಾನು ಬರೀ ಗುಂಡಿ ಒತ್ತುವವಳು."

ಕೊಂಕು ಅಷ್ಟು ದಪ್ಪವಾಗಿತ್ತು, ಗೋಡೆಗೂ ಕೇಳಿಸಿರಬೇಕು ಎಂದು ಅವಳು ಅಂದುಕೊಂಡಳು. ಅಳಿಯಂದಿರು ಬೆವರುತ್ತ ನಿಂತರು. ಎಷ್ಟು ಹೊತ್ತು ನಿಂತರೋ, ಅವಳು ಒಂದೊಂದು ಗುಟುಕಾಗಿ ಕುಡಿದಳು. ಆಮೇಲೆ ತಜ್ಞೆ ಕೈ ಬೀಸಿ, "ಹೋಗಲಿ ಬಿಡಿ. ದೊಡ್ಡ ದೊಡ್ಡ ಪುಸ್ತಕಗಳಲ್ಲೇ ಇದು ಎರಡು ಥರ ಇದೆ, ನಾನೂ ಒಂದು ಸಲ ಎಡವಿದ್ದೀನಿ. ಆ ಚಿತ್ರ ತೆಗೆದುಬಿಡಿ, ಯಾವ ಕಡೆಯ ಲೆಕ್ಕ ಅಂತ ಪಟ್ಟಿಯ ಕೆಳಗೆ ಒಂದು ಸಾಲು ಸೇರಿಸಿ, ಸಾಕು" ಎಂದಳು. ಒಂದು ಸಾಲು. ಅವಳು ಇಷ್ಟು ದಿನ ಹೊಟ್ಟೆಯಲ್ಲಿಟ್ಟು ಸಾಕಿದ್ದು ಒಂದು ಸಾಲಿನ ಬೆಲೆಯದಾಗಿತ್ತು. ತಜ್ಞೆ ನಿರ್ದೇಶಕರ ಕಡೆ ಬಾಗಿ, ದನಿ ತಗ್ಗಿಸಿ, ಆದರೆ ನೆಗಡಿಯಿಂದ ಕಿವಿ ಕಟ್ಟಿದವರು ತಗ್ಗಿಸುವಷ್ಟೇ ತಗ್ಗಿಸಿ ಹೇಳಿದಳು: "ಕೆಲಸ ಯಾರದು ಅಂತ ಏನೋ ಗೊಂದಲ ಇದೆ ಅಂದಿದ್ರಲ್ಲ. ಯಂತ್ರದ ಹತ್ರ ಇರೋ ಅವರೇ ಎಲ್ಲರೆದುರು ಹೇಳಿಬಿಟ್ರಲ್ಲ. ನನ್ನ ಕಡೆಯಿಂದ ಮುಗೀತು." ನಿರ್ದೇಶಕರು ಬಹಳ ದಿನದ ಹೊರೆ ಇಳಿದವರಂತೆ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಹಿಂದಿನ ಸಾಲೂ ತಟ್ಟಿತು. ಹಾಗಲ್ಲ ಮೇಡಂ, ನಾನು ಹೇಳಿದ್ದು ಹಾಗಲ್ಲ. ಚಪ್ಪಾಳೆಯ ನಡುವೆ ಅವಳ ಬಾಯಿ ಅಷ್ಟನ್ನು ಅಂದಿತೋ ಏನೋ, ಅವಳಿಗೇ ಕೇಳಿಸಲಿಲ್ಲ. ಮತ್ತೆ ಹೇಗೆ ಹೇಳಿದಿರಿ ಎಂದು ಕೇಳಿದರೆ ಏನು ಹೇಳುವುದು? ಅವನನ್ನು ಚುಚ್ಚಲು ಹೇಳಿದೆ ಎನ್ನುವುದೇ?

ಕೋಣೆ ಖಾಲಿಯಾದ ಮೇಲೆ ದೊಡ್ಡವರು ಅವಳ ಹತ್ತಿರ ಬಂದರು. ಅವರ ಕಣ್ಣು ತೇವವಾಗಿತ್ತು. "ನಿನ್ನ ಮನಸ್ಸು ದೊಡ್ಡದು ಕಣಮ್ಮ. ನೀನು ದೂರು ಕೊಟ್ಟೆ ಅಂತ ಕೇಳಿ ಎರಡು ದಿನ ಊಟ ಸೇರಿರಲಿಲ್ಲ. ಇವತ್ತು ಅವನು ಹಾಗೆ ನಿಂತಾಗ ನೀನೊಂದು ಮಾತು ಆಡಿದ್ರೆ ಮುಗಿದುಹೋಗ್ತಿತ್ತು. ಆಡಲಿಲ್ಲ ನೀನು." ಅವಳಿಗೆ ಆ ಕೈಯನ್ನು ಕಚ್ಚಬೇಕೆನ್ನಿಸಿತು. ಕಚ್ಚಲಿಲ್ಲ, ಕೈ ಅವಳ ತಲೆಯ ಮೇಲಿತ್ತು. ಅಳಿಯಂದಿರು ಕಂಪ್ಯೂಟರಿನ ಮುಂದೆ ಕೂತು ಆಗಲೇ ಚಿತ್ರವನ್ನು ಅಳಿಸಿದ್ದರು. "ಅಕ್ಕಾ, ನನ್ನ ಮರ್ಯಾದೆ ಉಳಿಸಿದ್ರಿ. ಆ ಒಂದು ಸಾಲು ಮಾತ್ರ..." ಎಂದು ಕುರ್ಚಿ ಬಿಟ್ಟು ಎದ್ದು ನಿಂತರು. "ನೀವೇ ಬರೆದುಕೊಟ್ರೆ ಸಂಜೆಯೊಳಗೆ ಪತ್ರಿಕೆಗೆ ಕಳಿಸಿಬಿಡ್ತೀನಿ. ತಿದ್ದುಪಡಿ ಹಾಕ್ತಾರಂತೆ."

ಅವಳು ಕೂತಳು. ಕುರ್ಚಿ ಇನ್ನೂ ಅವನ ಮೈಯ ಬಿಸಿಯಲ್ಲಿತ್ತು. ಎಲ್ಲೋ ಯಾರೋ, ಮುಖ ಕಾಣದ ಒಬ್ಬಳು, ಹಳದಿ ಬೆಳಕಿನ ಕೋಣೆಯಲ್ಲಿ ನಿಂತು ಈ ಸಾಲನ್ನು ನಂಬಿ ತನ್ನ ತಟ್ಟೆ ಕೊರೆಯುತ್ತಾಳೆ, ಅವಳ ಅಲೆ ಸಾಲು ಹೇಳಿದ್ದಕ್ಕೆ ವಿರುದ್ಧವಾಗಿ ಸುತ್ತುತ್ತದೆ, ಅವಳು ತಲೆ ಚಚ್ಚಿಕೊಂಡು ಈ ಹೆಸರುಗಳನ್ನು ಶಪಿಸುತ್ತಾಳೆ. ಮೊದಲು ಅಳಿಯನ ಹೆಸರು, ಕೊನೆಗೆ ಮಾವನದು. ಶಪಿಸಲಿ. ‘ಇಲ್ಲಿ ಎಡ, ಬಲ ಎಂದಿರುವುದು ಅಲೆ ಹೊರಟ ಕಡೆಯಿಂದ ನೋಡಿದ ಎಡ, ಬಲ’ ಎಂದು ಬರೆದಳು. ಆ ಇಡೀ ಬರಹದಲ್ಲಿ ನನ್ನದೇ ಎಂದು ಯಾರಿಗೆ ಬೇಕಾದರೂ ಎದೆತಟ್ಟಿ ಹೇಳಬಹುದಾದ ಸಾಲು ಅದೊಂದೇ, ಮತ್ತು ಅದು ತನ್ನ ತಟ್ಟೆಯ ಮೇಲೆ ತಾನೇ ಹೇಳಿದ ಸುಳ್ಳು.

ದೊಡ್ಡವರು ಹೆಗಲ ಮೇಲಿಂದ ಬಗ್ಗಿ ಓದಿದರು. "ಹೊರಟ ಕಡೆಯಿಂದ! ನೋಡಿದೆಯಾ," ಎಂದು ಅಳಿಯನ ಕಡೆ ತಿರುಗಿ ಬೀಗಿದರು, "ನಾನು ಕಲಿಸಿದ್ದನ್ನ ಇವಳು ಬಿಟ್ಟಿಲ್ಲ." ಆಮೇಲೆ ಅವಳ ಕಡೆ ತಿರುಗಿ ಕೇಳಿದರು, "ಸರಿ ಇದೆಯಲ್ಲಮ್ಮ?"

"ಸರಿ ಸರ್" ಎಂದಳು.